ಗುಳ್ಳೆ ಒಣಗಿದ ಮೇಲಿನ ಉರಿ

ಅವ್ವ ರವಿಕೆ ತೊಡುವುದನ್ನು ಬಿಟ್ಟು ಐದು ದಿನವಾಗಿತ್ತು. ತಿಪಟೂರಿನ ಕಡೆಯ ನಮ್ಮೂರಿಗೆ ಶುಕ್ರವಾರ ರಾತ್ರಿಯ ರೈಲಿಗೆ ಬಂದಿಳಿದು ಬಾಗಿಲು ದಾಟಿದಾಗ, 71 ವರ್ಷದ ಅವ್ವ ಗೋಡೆಗೆ ಒರಗದೆ ನಡುಮನೆಯಲ್ಲಿ ನೆಟ್ಟಗೆ ಕೂತಿದ್ದಳು. ಅಪ್ಪನ ಹಳೆಯ ಪಂಚೆ ಮೈಮೇಲಿತ್ತು. ನೂರಾರು ಸಲ ಒಗೆದು ಬೆಣ್ಣೆಯಂತೆ ಮೆತ್ತಗಾಗಿದ್ದ ಆ ಪಂಚೆಯನ್ನೂ ಎಡಪಕ್ಕೆಗೆ ತಾಗದ ಹಾಗೆ ಎರಡು ಬೆರಳಲ್ಲಿ ಎತ್ತಿ ಹಿಡಿದಿದ್ದಳು. ಅಂಥ ಬೇಸಗೆಯಲ್ಲಿ ಫ್ಯಾನು ಆರಿಸಿತ್ತು. ಗಾಳಿ ಬಡಿದರೆ ಪಂಚೆ ಅಲ್ಲಾಡುತ್ತದೆ, ಅಲ್ಲಾಡಿದರೆ ಮೈಗೆ ತಾಗುತ್ತದೆ ಎಂದು.

ಹತ್ತಿರ ಹೋಗಿ ಕೈ ಚಾಚಿದೆ. "ಮುಟ್ಟಬ್ಯಾಡ ಮಗ" ಅಂದಳು. "ಬಟ್ಟೆ ಸೋಕಿದ್ರೂ ಬೆಂಕಿ ಇಕ್ಕಿದಂಗೆ ಆಗ್ತೈತೆ."

ಟಾರ್ಚು ಹಿಡಿದು ನೋಡಿದೆ. ಎಡ ಎದೆಯ ಕೆಳಗಿನಿಂದ ಪಕ್ಕೆಯ ಮೇಲೆ ಹಾದು ಬೆನ್ನಿನ ನಡುಗೆರೆಯವರೆಗೆ, ನಾಲ್ಕು ಬೆರಳಗಲದ ಒಂದು ಪಟ್ಟಿ. ಅದರ ತುಂಬ ಗುಂಪು ಗುಂಪಾಗಿ ನೀರುಗುಳ್ಳೆಗಳು, ಕೆಲವು ಒಡೆದು ಕೆಂಪಾಗಿದ್ದವು. ಎಲ್ಲದರ ಮೇಲೂ ಒಣಗಿ ಬಿರುಕು ಬಿಟ್ಟ ಕೆಮ್ಮಣ್ಣಿನ ಲೇಪ. ಪಕ್ಕದೂರಿನಲ್ಲಿ ಮಂತ್ರಿಸಿ ಮಣ್ಣು ಹಚ್ಚುವವರೊಬ್ಬರಿದ್ದಾರೆ, ಮೂರು ದಿನ ಹಚ್ಚಿಸಿಕೊಂಡು ಬಂದಿದ್ದಳು. ಸರ್ಪಸುತ್ತು ಎಂದು ಮೊದಲು ಗುರುತು ಹಿಡಿದವಳು ಎದುರುಮನೆಯ ಅಜ್ಜಿ. ಆ ಅಜ್ಜಿಗೆ ಕಂಡದ್ದು ಅದಕ್ಕೂ ಎರಡು ದಿನ ಮೊದಲು ಆಸ್ಪತ್ರೆಯೊಂದರಲ್ಲಿ ಯಾರಿಗೂ ಕಂಡಿರಲಿಲ್ಲ. ಕಾಣಲು ಆಗ ಮೈಮೇಲೆ ಏನೂ ಇರಲಿಲ್ಲ ಎಂಬುದೂ ನಿಜ. ಎಡಗಡೆ ಎದೆ ಉರಿ, ಚುಚ್ಚಿದ ಹಾಗೆ ನೋವು ಎಂದು ಹೋದವಳಿಗೆ ಇಸಿಜಿ ಮಾಡಿ, ಹೃದಯಕ್ಕೇನೂ ಆಗಿಲ್ಲ ಎಂದು ಧೈರ್ಯ ಹೇಳಿ, ಗ್ಯಾಸಿನ ಮಾತ್ರೆ ಕೊಟ್ಟು ಕಳಿಸಿದ್ದರು.

ಈ ಕಾಯಿಲೆ ಶುರುವಾಗುವುದೇ ಹೀಗೆ. ಗುಳ್ಳೆ ಏಳುವುದಕ್ಕೆ ಒಂದರಿಂದ ಐದು ದಿನ ಮೊದಲೇ ನೋವು ಬಂದು ಕೂರುತ್ತದೆ. ಎಡ ಎದೆಯಲ್ಲಿ ಬಂದರೆ ಹೃದಯಾಘಾತ ಅನಿಸುತ್ತದೆ, ಸೊಂಟದ ಮೇಲೆ ಬಂದರೆ ಮೂತ್ರಪಿಂಡದ ಕಲ್ಲು, ಹಣೆಯಲ್ಲಿ ಬಂದರೆ ಅರೆತಲೆನೋವು. ಐವತ್ತು ದಾಟಿದವರಿಗೆ ಮೈಯ ಒಂದೇ ಬದಿಯಲ್ಲಿ, ಪಟ್ಟಿ ಎಳೆದ ಹಾಗೆ, ಕಾರಣವಿಲ್ಲದ ಉರಿ ಬಂದರೆ ದಿನಕ್ಕೆರಡು ಸಲ ಆ ಜಾಗದ ಚರ್ಮವನ್ನು ಬೆಳಕಿನಲ್ಲಿ ನೋಡಬೇಕು. ಬೆನ್ನ ಮೇಲಾದರೆ ಮನೆಯವರು ನೋಡಬೇಕು. ಮೊದಲ ಗುಳ್ಳೆ ಕಂಡ ಹೊತ್ತಿನಿಂದ 72 ಗಂಟೆಗಳ ಲೆಕ್ಕ ಆರಂಭವಾಗುತ್ತದೆ. ಆ 72 ಗಂಟೆಗಳು ನಮ್ಮ ಮನೆಯಲ್ಲಿ ಕೆಮ್ಮಣ್ಣಿನಲ್ಲಿ ಕಳೆದುಹೋದವು. ಈ ಲೇಖನ ಬರೆಯಲು ಕೂರಿಸಿದ್ದು ಆ ಸಂಕಟವೇ.

ಎದುರುಮನೆಯ ಅಜ್ಜಿ ಮರುದಿನ ಬೆಳಿಗ್ಗೆ ಬಂದು ಅವ್ವನ ಬೆನ್ನು ನೋಡಿ, "ಹೆಡೆ ಬಾಲ ಕೂಡಿಲ್ಲ, ಬದುಕ್ಕಂಡೆ ಬಿಡು" ಅಂದರು. ಸರ್ಪ ಮೈಯನ್ನು ಪೂರ್ತಿ ಸುತ್ತಿ ಹೆಡೆಗೂ ಬಾಲಕ್ಕೂ ಗಂಟು ಬಿದ್ದರೆ ಮನುಷ್ಯ ಉಳಿಯುವುದಿಲ್ಲ ಎಂಬುದು ನಾವೆಲ್ಲ ಸಣ್ಣವರಿದ್ದಾಗಿನಿಂದ ಕೇಳಿದ ಮಾತು. ನಾಗದೋಷ ಎಂದು ಹುತ್ತಕ್ಕೆ ಹಾಲೆರೆಯುವವರಿದ್ದಾರೆ, ಗರಿಕೆ ಅರೆದು ಹಚ್ಚುವವರಿದ್ದಾರೆ. ಹಾವಿನ ಹೆಸರು ನಮ್ಮಲ್ಲಿ ಮಾತ್ರ ಇರುವುದೂ ಅಲ್ಲ. ತೆಲುಗರು ಸರ್ಪಿ ಎನ್ನುತ್ತಾರೆ, ಮರಾಠಿಗರು ನಾಗೀಣ್ ಎನ್ನುತ್ತಾರೆ. ವೈದ್ಯರು ಬಳಸುವ ಹರ್ಪಿಸ್ ಎಂಬ ಗ್ರೀಕ್ ಮಾತಿನ ಬೇರಿನಲ್ಲೂ ತೆವಳುವುದು ಎಂಬ ಅರ್ಥವಿದೆ. ಜಾಸ್ಟರ್ ಎಂದರೆ ನಡುಪಟ್ಟಿ. ನಾರ್ವೆಯವರು ಇದನ್ನು ಕರೆಯುವುದು ನರಕದ ಬೆಂಕಿ ಎಂದು. ಉಂಡವರು ಇಟ್ಟ ಹೆಸರು ಅದು.

ಹೆಡೆ ಬಾಲ ಕೂಡದಿರುವುದಕ್ಕೆ ಕಾರಣ ನಮ್ಮ ಮೈಯ ರಚನೆಯಲ್ಲೇ ಇದೆ. ಬೆನ್ನುಹುರಿಯಿಂದ 31 ಜೊತೆ ನರಗಳು ಹೊರಡುತ್ತವೆ, ಎಡಕ್ಕೊಂದು ಬಲಕ್ಕೊಂದು. ಒಂದೊಂದು ನರಕ್ಕೂ ಚರ್ಮದ ಒಂದೊಂದು ಪಟ್ಟಿಯ ಪಾಲು. ಹೊಲವನ್ನು ಬದು ಹಾಕಿ ಅಣ್ಣತಮ್ಮಂದಿರಿಗೆ ಹಂಚಿದ ಹಾಗೆ, ಮೈಯ ನಡುಗೆರೆಯೇ ಬದು. ಎಡಗಡೆಯ ನರದ ಪಾಲು ಅಲ್ಲಿಗೆ ನಿಲ್ಲುತ್ತದೆ. ರೋಗ ಇರುವುದು ಒಂದು ನರದಲ್ಲಿ, ಹೆಚ್ಚೆಂದರೆ ಪಕ್ಕದ ಇನ್ನೊಂದರಲ್ಲಿ. ಹಾಗಾಗಿ ಗುಳ್ಳೆಯ ಪಟ್ಟಿ ಸಾಮಾನ್ಯವಾಗಿ ಬದು ದಾಟುವುದಿಲ್ಲ. ಯಾವ ನರಕ್ಕೆ ಚರ್ಮದ ಯಾವ ಪಾಲು ಎಂಬ ನಕ್ಷೆಯನ್ನು ತಯಾರಿಸುವಲ್ಲಿ ಇದೇ ಕಾಯಿಲೆ ವೈದ್ಯವಿಜ್ಞಾನಕ್ಕೆ ನೆರವಾಯಿತು. ಲಂಡನ್ನಿನ ವೈದ್ಯ ಹೆನ್ರಿ ಹೆಡ್ ತನ್ನ ಜೊತೆಗಾರ ಕ್ಯಾಂಪ್‌ಬೆಲ್ ಜೊತೆ ಸೇರಿ ಸರ್ಪಸುತ್ತಿನ ರೋಗಿಗಳ ಪಟ್ಟಿಗಳನ್ನು ಒಂದೊಂದಾಗಿ ಗುರುತು ಮಾಡಿ, ತೀರಿಕೊಂಡವರ ನರಗಂಟುಗಳನ್ನು ಪರೀಕ್ಷಿಸಿ 1900ರಲ್ಲಿ ಪ್ರಕಟಿಸಿದ. ರೋಗದ ಮನೆ ಚರ್ಮದಲ್ಲಿಲ್ಲ, ಬೆನ್ನುಹುರಿಯ ಪಕ್ಕದ ನರಗಂಟಿನಲ್ಲಿದೆ ಎಂಬುದು ಅಲ್ಲಿಂದ ಸ್ಪಷ್ಟವಾಯಿತು.

ಆ ನರಗಂಟಿಗೆ ರೋಗ ಬಂದದ್ದೆಲ್ಲಿಂದ? ಅವ್ವನನ್ನೇ ಕೇಳಿದೆ, ಸಣ್ಣವಳಿದ್ದಾಗ ಸೀತಾಳೆ ಸಿಡುಬು ಆಗಿತ್ತಾ ಎಂದು. "ಅಮ್ಮ ಆಗಿತ್ತು. ಏಳು ವರ್ಸ ಇರಬೈದು. ಬೇವಿನಸೊಪ್ಪಿನ ಮ್ಯಾಲೆ ಮಲಗ್ಸಿದ್ರು, ಮನೇಲಿ ಒಗ್ಗರಣೆ ಹಾಕಿರ್ನಿಲ್ಲ." ಈಗ ಎಲ್ಲರೂ ಚಿಕನ್‌ಪಾಕ್ಸ್ ಎನ್ನುವ ಆ ಸಿಡುಬಿನ ವೈರಸ್ಸೇ ಇದು, ವೇರಿಸೆಲ್ಲಾ ಜಾಸ್ಟರ್. ಸಿಡುಬು ಇಳಿದು ನೀರು ಹಾಕಿದ ಮೇಲೆ ಅದು ಮೈಬಿಟ್ಟು ಹೋಗುವುದಿಲ್ಲ. ಚರ್ಮದ ನರಗಳ ದಾರಿ ಹಿಡಿದು ನರಗಂಟುಗಳನ್ನು ಸೇರಿ ಅಲ್ಲೇ ಸದ್ದಿಲ್ಲದೆ ಮಲಗುತ್ತದೆ. ಅವ್ವನ ಮೈಯಲ್ಲಿ ಅದು ಮಲಗಿದ್ದು 64 ವರ್ಷ. ಅಷ್ಟರಲ್ಲಿ ಅವಳು ಮದುವೆಯಾದಳು, ನಾಲ್ಕು ಹೆತ್ತಳು, ತೋಟ ಮಾಡಿದಳು, ಅಪ್ಪನನ್ನು ಕಳೆದುಕೊಂಡಳು. ಕಾವಲಿಗಿದ್ದ ರೋಗನಿರೋಧಕ ಶಕ್ತಿ ವಯಸ್ಸಿನಿಂದಲೂ ಸಕ್ಕರೆ ಕಾಯಿಲೆಯಿಂದಲೂ ಸಡಿಲವಾದಾಗ ಎದ್ದಿತು. ಎದ್ದದ್ದು ಬಂದ ದಾರಿಯಲ್ಲೇ, ನರದೊಳಗಿಂದ, ನರವನ್ನು ಬೇಯಿಸುತ್ತ ಚರ್ಮಕ್ಕೆ ಮರಳಿತು.

ಸಿಡುಬಿಗೂ ಸರ್ಪಸುತ್ತಿಗೂ ಇರುವ ಈ ನಂಟನ್ನು ಬಿಡಿಸಿದವರಲ್ಲಿ ನನಗೆ ಬಹಳ ಹಿಡಿಸಿದವನು ಇಂಗ್ಲೆಂಡಿನ ಸೈರನ್‌ಸೆಸ್ಟರ್ ಎಂಬ ಸಣ್ಣ ಪೇಟೆಯ ಡಾಕ್ಟರ್ ಎಡ್ಗರ್ ಹೋಪ್ ಸಿಂಪ್ಸನ್. ಪ್ರಯೋಗಾಲಯದ ವಿಜ್ಞಾನಿಯಲ್ಲ, ನಮ್ಮ ತಾಲ್ಲೂಕು ಕೇಂದ್ರದ ವೈದ್ಯರ ಹಾಗೆ ಕೆಮ್ಮು ಜ್ವರ ನೋಡುವವನು. ತನ್ನ ಚಿಕಿತ್ಸೆಯಲ್ಲಿದ್ದ ಸುಮಾರು 3,500 ಜನರಲ್ಲಿ ಯಾರಿಗೆ ಯಾವಾಗ ಸರ್ಪಸುತ್ತು ಬಂತು ಎಂದು 16 ವರ್ಷ ಬರೆದಿಟ್ಟ. ಒಟ್ಟು 192 ಜನ. ಮಕ್ಕಳಲ್ಲಿ ಅಪರೂಪ, ಐವತ್ತರ ಮೇಲೆ ಏರುತ್ತ ಹೋಗಿ, ಎಂಬತ್ತು ದಾಟಿದವರಲ್ಲಿ ವರ್ಷಕ್ಕೆ ಸಾವಿರಕ್ಕೆ ಹತ್ತರಷ್ಟು. ಉತ್ತರದ ಶೆಟ್ಲೆಂಡಿನ ಯೆಲ್ ಎಂಬ ದ್ವೀಪಕ್ಕೂ ಹೋದ. ಹೊರಗಿನವರ ಓಡಾಟ ಕಡಿಮೆಯಿರುವ ಅಂಥ ಜಾಗದಲ್ಲಿ ಸಿಡುಬು ಯಾವ ವರ್ಷ ಬಂದಿತ್ತು, ಯಾರ ಮನೆಗೆ ಬಂದಿತ್ತು ಎಂಬುದು ಜನರಿಗೆ ನೆನಪಿರುತ್ತದೆ. ಸರ್ಪಸುತ್ತು ಹೊಸದಾಗಿ ಅಂಟುವ ರೋಗವಲ್ಲ, ಹಳೆಯ ಸಿಡುಬು ಒಳಗಿಂದ ಮತ್ತೆ ಏಳುವುದು ಎಂದು 1965ರಲ್ಲಿ ಬರೆದ. ಊರ ಡಾಕ್ಟರೊಬ್ಬ ನೋಟುಬುಕ್ಕಿನಲ್ಲಿ ಮಾಡಿದ ಲೆಕ್ಕದ ಮೇಲೆಯೇ ನಮ್ಮ ಇಂದಿನ ತಿಳಿವಳಿಕೆ ನಿಂತಿದೆ.

ಒಂದು ಮಾತು ಇಲ್ಲಿ ಸೇರಿಸಬೇಕು. ಸರ್ಪಸುತ್ತು ಒಬ್ಬರಿಂದ ಒಬ್ಬರಿಗೆ ಸರ್ಪಸುತ್ತಾಗಿ ಹರಡುವುದಿಲ್ಲ. ಆದರೆ ಗುಳ್ಳೆಯ ನೀರು ಸೋಕಿದರೆ ಸಿಡುಬು ಆಗದೇ ಇದ್ದವರಿಗೆ ಸಿಡುಬು ಬರಬಹುದು. ಗುಳ್ಳೆ ಒಣಗಿ ಹಕ್ಕಳೆ ಕಟ್ಟುವವರೆಗೆ ಬಸುರಿಯರು, ಹಸುಗೂಸುಗಳು, ಕ್ಯಾನ್ಸರ್ ಚಿಕಿತ್ಸೆಯಲ್ಲಿರುವವರು ದೂರವಿದ್ದರೆ ಸಾಕು. ಅವ್ವನ ತಟ್ಟೆ ಲೋಟ ಬೇರೆ ಇಟ್ಟಿದ್ದರು, ಅದರ ಅಗತ್ಯವಿರಲಿಲ್ಲ.

ಶನಿವಾರ ಕರೆದೊಯ್ದ ಚರ್ಮರೋಗ ವೈದ್ಯೆ ಕೆಮ್ಮಣ್ಣನ್ನು ಒದ್ದೆ ಹತ್ತಿಯಿಂದ ನೆನೆಸಿ ನೆನೆಸಿ ತೆಗೆದರು. ಬೈಯಲಿಲ್ಲ. "ಎಷ್ಟು ದಿನ ಆಯ್ತಮ್ಮ?" ಎಂದಷ್ಟೇ ಕೇಳಿದರು. ಐದು ದಿನ ಎಂದಾಗ ಅವರು ಒಂದು ಕ್ಷಣ ಸುಮ್ಮನಾದದ್ದು ನನಗೆ ಮರೆತಿಲ್ಲ. ಹೊಸ ಗುಳ್ಳೆ ಇನ್ನೂ ಏಳುತ್ತಿದ್ದುದರಿಂದ ಮಾತ್ರೆ ಕೊಟ್ಟರು, ವ್ಯಾಲಾಸೈಕ್ಲೊವಿರ್, ಗ್ರಾಂ ಒಂದರಂತೆ ದಿನಕ್ಕೆ ಮೂರು ಸಲ, ಏಳು ದಿನ. ಇದಕ್ಕಿಂತ ಹಳೆಯದು, ಅಗ್ಗದ್ದು, ಏಸೈಕ್ಲೊವಿರ್. ಅದನ್ನು 800 ಮಿಲಿಗ್ರಾಮಿನಂತೆ ದಿನಕ್ಕೆ ಐದು ಸಲ ನುಂಗಬೇಕು. ವೈರಸ್ಸಿನ ಸೋಂಕಿಗೆ ಔಷಧಿಯೇ ಇಲ್ಲ ಎಂಬ ಕಾಲದಲ್ಲಿ, ವೈರಸ್ಸು ಹೊಕ್ಕ ಜೀವಕೋಶದಲ್ಲಿ ಮಾತ್ರ ಕೆಲಸ ಮಾಡಿ ಉಳಿದದ್ದಕ್ಕೆ ಹೆಚ್ಚು ಕೇಡು ಮಾಡದ ಈ ಮದ್ದು ಬಂದದ್ದು ಗರ್ಟ್ರೂಡ್ ಎಲಿಯನ್ ಮತ್ತು ಅವರ ಜೊತೆಗಾರರ ದುಡಿಮೆಯಿಂದ. ಎಲಿಯನ್ ಅವರಿಗೆ 1988ರಲ್ಲಿ ನೊಬೆಲ್ ಬಂತು.

ಮೊದಲ 72 ಗಂಟೆಗಳೊಳಗೆ ಶುರುಮಾಡಿದರೆ ಈ ಮಾತ್ರೆಗಳು ಗುಳ್ಳೆಯ ದಿನಗಳನ್ನು ಕಡಿಮೆ ಮಾಡುತ್ತವೆ, ಆ ದಿನಗಳ ನೋವನ್ನೂ ತಗ್ಗಿಸುತ್ತವೆ. ಮುಂದೆ ಉಳಿಯುವ ನೋವನ್ನು ಪೂರ್ತಿ ತಡೆಯುತ್ತವೆ ಎಂದು ಭರವಸೆ ಕೊಡಲಾಗದು. ಆದರೂ ನರಕ್ಕೆ ಆಗುವ ಗಾಯವನ್ನು ಆದಷ್ಟು ಬೇಗ ನಿಲ್ಲಿಸಲು ಇರುವ ಸಾಧನ ಇದೊಂದೇ. ಮೂತ್ರಪಿಂಡದ ತೊಂದರೆ ಇದ್ದವರಿಗೆ ಪ್ರಮಾಣ ಇಳಿಸಬೇಕು, ನೀರು ಧಾರಾಳವಾಗಿ ಕುಡಿಯಬೇಕು. ಮೆಡಿಕಲ್ ಸ್ಟೋರಿನಲ್ಲಿ ಚೀಟಿಯಿಲ್ಲದೆ ಕೇಳಿದವರಿಗೆ ಇದೇ ಔಷಧಿಯ ಸಣ್ಣ ಟ್ಯೂಬಿನ ಮುಲಾಮು ಕೊಟ್ಟು ಕಳಿಸುವುದುಂಟು. ನಮ್ಮ ಮನೆಯಲ್ಲೂ ಅಂಥ ಎರಡು ಟ್ಯೂಬು ಖಾಲಿಯಾಗಿದ್ದವು. ಸರ್ಪಸುತ್ತಿಗೆ ಆ ಮುಲಾಮಿನಿಂದ ಪ್ರಯೋಜನವಿಲ್ಲ. ರೋಗ ನರದೊಳಗೆ ಇರುವಾಗ ಮೇಲೆ ಹಚ್ಚಿದ್ದು ಅಲ್ಲಿಗೆ ಮುಟ್ಟುವುದಿಲ್ಲ.

ಕೆಮ್ಮಣ್ಣಿಗೂ ಇದೇ ಮಾತು. ಅದನ್ನು ಹಚ್ಚಿದವರನ್ನು ಮೋಸಗಾರರೆಂದು ನಾನು ಕರೆಯಲಾರೆ. ಅವರು ದುಡ್ಡು ಕೂಡ ತೆಗೆದುಕೊಂಡಿರಲಿಲ್ಲ, ಎಲೆಯಡಿಕೆ ಅಷ್ಟೇ. ಮಣ್ಣು ತಣ್ಣಗಿರುತ್ತದೆ, ಹಚ್ಚಿದ ಗಳಿಗೆಗೆ ಉರಿ ತುಸು ಇಳಿಯುತ್ತದೆ. ಗುಳ್ಳೆಗಳು ಯಾವ ಮದ್ದೂ ಇಲ್ಲದೆ ಎರಡರಿಂದ ನಾಲ್ಕು ವಾರದಲ್ಲಿ ತಾವೇ ಒಣಗುತ್ತವೆ, ಒಣಗಿದ್ದರ ಕೀರ್ತಿ ಮಂತ್ರಕ್ಕೆ ಹೋಗುತ್ತದೆ. ಒಡೆದ ಗುಳ್ಳೆಗೆ ಮಣ್ಣು ಸೇರಿದರೆ ಕೀವಾಗುವ ಭಯ ಒಂದಾದರೆ, ಅದಕ್ಕಿಂತ ದೊಡ್ಡ ನಷ್ಟ ಹೊತ್ತಿನದು. ಹುತ್ತಕ್ಕೆ ಹಾಲೆರೆಯಬೇಕೆನಿಸಿದರೆ ಎರೆಯಿರಿ. ಮೊದಲು ಮಾತ್ರೆ ನುಂಗಿ ಆಮೇಲೆ ಹೋಗಿ.

ಗುಳ್ಳೆ ಇರುವಷ್ಟು ದಿನ ಮನೆಯಲ್ಲಿ ಮಾಡಬಹುದಾದದ್ದು ಕಡಿಮೆ, ಆದರೆ ಅಷ್ಟೂ ಮುಖ್ಯ. ತಣ್ಣೀರಲ್ಲಿ ಅದ್ದಿ ಹಿಂಡಿದ ತೆಳು ಬಟ್ಟೆಯನ್ನು ದಿನಕ್ಕೆ ನಾಲ್ಕೈದು ಸಲ ಕಾಲು ಗಂಟೆ ಇಡುವುದು, ಸೋಪಿಲ್ಲದೆ ತೊಳೆದು ಒತ್ತಿ ಒರೆಸುವುದು, ಕಡಿತಕ್ಕೆ ಕ್ಯಾಲಮೈನ್ ಲೋಷನ್. ನೋವು ತಡೆಯಲಾರದೆ ಹೋದಾಗ ನುಂಗುವುದರ ಬದಲು ಗಡಿಯಾರ ನೋಡಿ ಹೊತ್ತಿಗೆ ಸರಿಯಾಗಿ ವೈದ್ಯರು ಹೇಳಿದಷ್ಟು ಪ್ಯಾರಾಸಿಟಮಾಲ್. ಸಾಲದಿದ್ದರೆ ಕೇಳಲು ಸಂಕೋಚ ಬೇಡ. ನೋವು ತಿನ್ನುವುದು ನಮ್ಮ ಹಳೆಯ ತಲೆಮಾರಿನ ಹೆಂಗಸರಿಗೆ ಅಭ್ಯಾಸವಾಗಿಬಿಟ್ಟಿದೆ. ಹತ್ತಕ್ಕೆ ಎಷ್ಟು ನೋವು ಎಂದು ಡಾಕ್ಟರು ಕೇಳಿದಾಗ ಅವ್ವ "ಏನೋ ಒಂಚೂರು" ಅಂದಳು. ರಾತ್ರಿಯಿಡೀ ನಿದ್ದೆಯಿಲ್ಲದೆ ಪಂಚೆ ಎತ್ತಿ ಹಿಡಿದು ಕೂತಿದ್ದವಳು. ಮಗಳಾದ ನಾನು ನಡುವೆ ಬಾಯಿ ಹಾಕಿ "ಒಂಬತ್ತು" ಎಂದೆ.

ಗುಳ್ಳೆ ಹಣೆ, ರೆಪ್ಪೆ, ಮೂಗಿನ ತುದಿಯಲ್ಲಿ ಕಂಡರೆ ಅದೇ ದಿನ ಕಣ್ಣಿನ ವೈದ್ಯರನ್ನು ನೋಡಬೇಕು. ಮೂಗಿನ ತುದಿಗೂ ಕಣ್ಣಿಗೂ ಒಂದೇ ನರದ ಕವಲು ಹೋಗುತ್ತದೆ, ದೃಷ್ಟಿಯೇ ಹೋಗಬಹುದು. ಕಿವಿಯ ಸುತ್ತ ಬಂದು ಮುಖ ಸೊಟ್ಟಗಾದರೂ ಅಷ್ಟೇ ತುರ್ತು. ಚಿಕ್ಕ ವಯಸ್ಸಿನವರಿಗೆ ಬಂದರೆ ವೈದ್ಯರು ಎಚ್‌ಐವಿ ಪರೀಕ್ಷೆ ಹೇಳುವುದುಂಟು; ಅದರಲ್ಲಿ ನೊಂದುಕೊಳ್ಳುವಂಥದ್ದಿಲ್ಲ.

ಮೂರನೆಯ ವಾರಕ್ಕೆ ಹಕ್ಕಳೆ ಉದುರಿತು. ನೆಂಟರೆಲ್ಲ ಫೋನು ಮಾಡಿ ವಾಸಿಯಾಯಿತಂತೆ ಎಂದರು. ನಾನೂ ಬೆಂಗಳೂರಿಗೆ ಮರಳಿದೆ. ಆರನೆಯ ವಾರ ಬಂದಾಗಲೂ ಅವ್ವ ಪಂಚೆಯಲ್ಲೇ ಇದ್ದಳು. ಚರ್ಮದ ಮೇಲೆ ತಿಳಿ ಕಂದು ಕಲೆ ಬಿಟ್ಟರೆ ಏನೂ ಇಲ್ಲ. ಮೂರು ತಿಂಗಳಾಯಿತು, ಉರಿ ಹಾಗೇ ಇತ್ತು. ಗುಳ್ಳೆ ಎದ್ದ 90 ದಿನಗಳ ಮೇಲೂ ನೋವು ನಿಂತರೆ ವೈದ್ಯರು ಅದಕ್ಕೆ ಬೇರೆಯೇ ಹೆಸರು ಕೊಡುತ್ತಾರೆ, ಪೋಸ್ಟ್ ಹರ್ಪೆಟಿಕ್ ನ್ಯೂರಾಲ್ಜಿಯಾ. ಸರ್ಪಸುತ್ತಾದ ನೂರು ಜನರಲ್ಲಿ ಹತ್ತರಿಂದ ಹದಿನೆಂಟು ಜನರಿಗೆ ಇದು ಬರುತ್ತದೆ. ವಯಸ್ಸು ಹೆಚ್ಚಿದಷ್ಟೂ, ಮೊದಲ ದಿನಗಳ ನೋವು ಜೋರಾಗಿದ್ದಷ್ಟೂ ಸಂಭವ ಹೆಚ್ಚು.

ಈ ಹಂತದಲ್ಲಿ ಸುತ್ತಲಿನವರು ನಂಬುವುದನ್ನು ನಿಲ್ಲಿಸುತ್ತಾರೆ. ಕಣ್ಣಿಗೆ ಕಾಣುವ ಗಾಯವಿಲ್ಲ. ನಮ್ಮ ಮನೆಯಲ್ಲೇ ಒಬ್ಬರು, "ಮನಸ್ಸಿಗೆ ಹಚ್ಕಂಡವ್ಳೆ" ಎಂದದ್ದು ಅವ್ವನ ಕಿವಿಗೆ ಬಿತ್ತು. ಅವಳು ಆಮೇಲೆ ಎರಡು ದಿನ ನೋವಿನ ಸುದ್ದಿಯನ್ನೇ ಎತ್ತಲಿಲ್ಲ. ಬಚ್ಚಲಿಗೆ ಹೋಗಿ ಒಬ್ಬಳೇ ಅಳುತ್ತಿದ್ದಳು.

ನಡೆದಿರುವುದು ಏನೆಂದು ನನ್ನ ತಮ್ಮನಿಗೆ ನಾನು ತೋಟದ ಮೋಟಾರಿನ ಕೇಬಲ್ಲು ತೋರಿಸಿ ವಿವರಿಸಿದೆ. ಇಲಿ ಕಚ್ಚಿ ಮೇಲಿನ ರಬ್ಬರು ಹೋದರೆ ತಂತಿ ತಾನಾಗಿ ಕಿಡಿ ಹಾರಿಸುತ್ತದೆ, ಒಂದು ತಂತಿಯ ಕರೆಂಟು ಇನ್ನೊಂದಕ್ಕೆ ಹರಿಯುತ್ತದೆ, ನೀರಿದ್ದರೂ ಸ್ಟಾರ್ಟರು ಬಿದ್ದು ಬಿದ್ದು ಹೋಗುತ್ತದೆ. ವೈರಸ್ಸು ಕಚ್ಚಿದ ನರವೂ ಹಾಗೆ, ಯಾರೂ ಮುಟ್ಟದಿದ್ದರೂ ನೋವಿನ ಸುದ್ದಿ ಕಳಿಸುತ್ತಲೇ ಇರುತ್ತದೆ. ಇಂಥ ಸುದ್ದಿಯನ್ನೇ ಹಗಲೂ ರಾತ್ರಿ ಕೇಳಿದ ಬೆನ್ನುಹುರಿಯಲ್ಲೂ ಬದಲಾವಣೆಯಾಗುತ್ತದೆ. ಹಗುರವಾದ ಸೋಕು ಎಂಬ ಸಾಮಾನ್ಯ ಸುದ್ದಿಯನ್ನೂ ಅದು ಬೆಂಕಿಯೆಂದೇ ಮಿದುಳಿಗೆ ದಾಟಿಸುತ್ತದೆ. ಗಟ್ಟಿಯಾಗಿ ಒತ್ತಿದರೆ ಅಷ್ಟು ನೋಯುವುದಿಲ್ಲ, ಸೆರಗು ಸವರಿದರೆ ಜೀವ ಹೋಗುತ್ತದೆ. ಅವ್ವ ಇದನ್ನು ತಾನೇ ಕಂಡುಕೊಂಡಿದ್ದಳು. ಸಡಿಲವಾಗಿ ಹೊದ್ದರೆ ಆಗುವ ಹಿಂಸೆ ಮೆತ್ತನೆಯ ಬಟ್ಟೆಯನ್ನು ಬಿಗಿಯಾಗಿ ಸುತ್ತಿಕೊಂಡರೆ ಅರ್ಧ ಇಳಿಯುತ್ತಿತ್ತು. ಅಲ್ಲಾಡದಿರುವುದು ಮುಖ್ಯ.

ಚರ್ಮ ಮಾಗಿದ ಮೇಲೆ ಹಲವರಿಗೆ ಹೀಗೆ ಬಿಗಿಯಾಗಿ ಸುತ್ತುವುದು ಅನುಕೂಲವಾಗುತ್ತದೆ ಎಂದು ಡಾಕ್ಟರೂ ಒಪ್ಪಿದರು.

ಹೀಗೆ ಕೆಟ್ಟ ನರಕ್ಕೆ ಮಾಮೂಲಿ ನೋವಿನ ಮಾತ್ರೆ ಹೆಚ್ಚು ಕೆಲಸ ಮಾಡುವುದಿಲ್ಲ. ಕೊಡುವುದು ಗ್ಯಾಬಾಪೆಂಟಿನ್, ಪ್ರೀಗ್ಯಾಬಲಿನ್, ಅಮಿಟ್ರಿಪ್ಟಿಲಿನ್, ನಾರ್‌ಟ್ರಿಪ್ಟಿಲಿನ್ ಥರದವು. ಮೊದಲೆರಡು ಮೂರ್ಛೆರೋಗಕ್ಕೂ ಕೊಡುವಂಥವು, ಕೊನೆಯೆರಡು ಖಿನ್ನತೆಗೆ. ಇಲ್ಲೇ ಎಷ್ಟೋ ಮನೆಗಳಲ್ಲಿ ಚಿಕಿತ್ಸೆ ಮುರಿದು ಬೀಳುತ್ತದೆ. ಮೆಡಿಕಲ್ ಸ್ಟೋರಿನ ಹುಡುಗನೋ ಮೊಬೈಲು ನೋಡಿದ ಮೊಮ್ಮಗನೋ, ಅಜ್ಜಿ ಇದು ಫಿಟ್ಸ್ ಮಾತ್ರೆ, ಇದು ತಲೆಕೆಟ್ಟವರಿಗೆ ಕೊಡೋದು ಎನ್ನುತ್ತಾನೆ. ಮರುದಿನದಿಂದ ಮಾತ್ರೆ ಡಬ್ಬಿಯಲ್ಲೇ ಉಳಿಯುತ್ತದೆ. ಅತಿಯಾಗಿ ಮಿಡಿಯುವ ನರವನ್ನು ಶಾಂತ ಮಾಡುವುದು ಮೂರ್ಛೆಯಲ್ಲೂ ಬೇಕು, ಇಲ್ಲೂ ಬೇಕು. ಖಿನ್ನತೆಯ ಮಾತ್ರೆಯನ್ನು ಅದಕ್ಕೆ ಕೊಡುವುದಕ್ಕಿಂತ ಕಡಿಮೆ ಪ್ರಮಾಣದಲ್ಲಿ ಕೊಟ್ಟರೆ ಬೆನ್ನುಹುರಿಯಲ್ಲಿ ನೋವಿನ ಸುದ್ದಿಗೆ ತಡೆ ಬೀಳುತ್ತದೆ. ಈ ಎರಡು ಮಾತನ್ನು ವೈದ್ಯರು ಚೀಟಿ ಬರೆಯುವಾಗಲೇ ಹೇಳಿಬಿಟ್ಟರೆ ಎಷ್ಟೋ ಜನ ಮಾತ್ರೆ ಬಿಡುವುದಿಲ್ಲ. ಹೇಳದಿದ್ದರೆ ಕೇಳಬೇಕು.

ಇವು ನುಂಗಿದ ಗಂಟೆಗೆ ನೋವು ಇಳಿಸುವ ಮಾತ್ರೆಗಳಲ್ಲ. ಕಡಿಮೆ ಪ್ರಮಾಣದಿಂದ ಶುರುಮಾಡಿ ವಾರವಾರ ಏರಿಸುತ್ತ ಹೋಗಬೇಕು, ಗುಣ ಕಾಣಲು ಎರಡು ಮೂರು ವಾರವೋ ತಿಂಗಳೋ ಬೇಕು. ತಲೆ ತಿರುಗುವುದು, ಮಂಪರು ಇವುಗಳ ಮಾಮೂಲು ತೊಂದರೆ. ಅವ್ವನಿಗೆ ಪ್ರೀಗ್ಯಾಬಲಿನ್ ರಾತ್ರಿಗೆ 75 ಮಿಲಿಗ್ರಾಂ ಶುರುವಾಯಿತು. ನಮ್ಮದು ಹಳೆಯ ಮನೆ, ಬಚ್ಚಲು ಹಿತ್ತಲಲ್ಲಿ. ನಡುರಾತ್ರಿ ಎದ್ದು ಹೋಗುವಾಗ ಬಿದ್ದು ಸೊಂಟ ಮುರಿದುಕೊಂಡರೆ ಕಥೆಯೇ ಬೇರೆ ಎಂದು ದಾರಿಗೆ ಬಲ್ಬು ಹಾಕಿಸಿ, ಮಂಚದ ಪಕ್ಕ ಕಮೋಡ್ ಕುರ್ಚಿ ಇಟ್ಟೆವು. ಅಮಿಟ್ರಿಪ್ಟಿಲಿನ್‌ನಿಂದ ಬಾಯಿ ಒಣಗುತ್ತದೆ, ಪ್ರಾಸ್ಟೇಟ್ ದೊಡ್ಡದಾದ ಗಂಡಸರಿಗೆ ಮೂತ್ರ ಕಟ್ಟಬಹುದು, ಹೃದಯದ ತೊಂದರೆ ಇದ್ದವರು ಮೊದಲೇ ಹೇಳಬೇಕು. ಯಾವುದನ್ನೂ ಒಮ್ಮೆಗೇ ನಿಲ್ಲಿಸಬಾರದು. ನೋವು ಸೊನ್ನೆಯಾಗುತ್ತದೆ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಅರ್ಧಕ್ಕೆ ಇಳಿದು ರಾತ್ರಿ ನಿದ್ದೆ ಬಂದರೆ ಅದೇ ಒಳ್ಳೆಯ ಫಲ.

ಮೇಲಿನಿಂದ ಹಚ್ಚುವುದರಲ್ಲಿ ಶೇಕಡಾ 5ರ ಲಿಡೊಕೇನ್ ಪಟ್ಟಿ ವಯಸ್ಸಾದವರಿಗೆ ಹಿತ. ಮಾಗಿದ ಚರ್ಮದ ಮೇಲೆ 12 ಗಂಟೆ ಅಂಟಿಸಿ 12 ಗಂಟೆ ಬಿಡಬೇಕು. ಮಂಪರಿಲ್ಲ, ತಲೆ ತಿರುಗುವುದಿಲ್ಲ, ಬೆಲೆಯೊಂದೇ ಭಾರ. ಇನ್ನೊಂದು ಮದ್ದು ಮೆಣಸಿನಕಾಯಿಯದ್ದು. ಒಲೆಯಲ್ಲಿ ಏಳುವುದೂ ಉರಿ, ಕಣ್ಣಿಗೆ ಖಾರ ಬಿದ್ದರೂ ಉರಿ, ಅವ್ವನ ಪಕ್ಕೆಯಲ್ಲಿದ್ದದ್ದೂ ಉರಿ. ಕನ್ನಡ ಒಂದೇ ಮಾತಿನಲ್ಲಿ ಹೇಳಿಬಿಟ್ಟದ್ದನ್ನು ವಿಜ್ಞಾನ 1997ರಲ್ಲಿ ಖಚಿತಪಡಿಸಿತು. ಮೆಣಸಿನಕಾಯಿಯ ಕ್ಯಾಪ್ಸೈಸಿನ್ ನರದ ಯಾವ ಬಾಗಿಲು ತಟ್ಟುತ್ತದೆ ಎಂದು ಹುಡುಕಿದ ಡೇವಿಡ್ ಜೂಲಿಯಸ್, ಸುಡುವ ಶಾಖ ತಟ್ಟುವುದೂ ಅದೇ ಬಾಗಿಲನ್ನು ಎಂದು ತೋರಿಸಿದರು. 2021ರಲ್ಲಿ ಅವರಿಗೆ ನೊಬೆಲ್ ಸಂದಿತು. ಆ ಬಾಗಿಲನ್ನು ಮತ್ತೆ ಮತ್ತೆ ತಟ್ಟಿದರೆ ನರದ ತುದಿ ದಣಿದು ಸುಮ್ಮನಾಗುತ್ತದೆ, ಅದೇ ಈ ಚಿಕಿತ್ಸೆಯ ಗುಟ್ಟು. ಕಡಿಮೆ ಪ್ರಮಾಣದ ಕ್ರೀಮನ್ನು ದಿನಕ್ಕೆ ಮೂರು ನಾಲ್ಕು ಸಲ ವಾರಗಟ್ಟಲೆ ಹಚ್ಚಬೇಕು, ಮೊದಮೊದಲು ಉರಿ ಹೆಚ್ಚುತ್ತದೆ. ಶೇಕಡಾ 8ರ ಪಟ್ಟಿ ವೈದ್ಯರೇ ಕೈಗವಸು ತೊಟ್ಟು ಅಂಟಿಸುವಂಥದ್ದು. ಗುಳ್ಳೆ ಇರುವಾಗ ಇದರ ಸುದ್ದಿಗೇ ಹೋಗಬಾರದು, ಮನೆಯ ಖಾರದಪುಡಿಯಲ್ಲಿ ಪ್ರಯೋಗವಂತೂ ಎಂದೂ ಬೇಡ. ಇಷ್ಟಕ್ಕೂ ತಗ್ಗದಿದ್ದರೆ ದೊಡ್ಡ ಆಸ್ಪತ್ರೆಗಳ ನೋವಿನ ವಿಭಾಗದಲ್ಲಿ ನರಕ್ಕೆ ಚುಚ್ಚುಮದ್ದು ಕೊಡುವ ದಾರಿಯೂ ಇದೆ.

ಇಷ್ಟೆಲ್ಲ ಬರದ ಹಾಗೆ ತಡೆಯಬಹುದಿತ್ತು ಎಂಬುದು ನನಗೆ ಆಮೇಲೆ ಗೊತ್ತಾಯಿತು.

ಸೀತಾಳೆ ಸಿಡುಬಿನ ಮೊದಲ ಲಸಿಕೆ ಜಪಾನಿನ ಮಿಚಿಯಾಕಿ ತಕಾಹಾಶಿ ಅವರದು. 1964ರಲ್ಲಿ ಅಮೆರಿಕದಲ್ಲಿದ್ದಾಗ ಅವರ ಮೂರು ವರ್ಷದ ಮಗನಿಗೆ ಸಿಡುಬು ಜೋರಾಗಿ ಬಂತು. ಉಸಿರಿಗೆ ತಡಕಾಡುವ ಮಗುವಿನ ಪಕ್ಕ ರಾತ್ರಿಯಿಡೀ ಕೂತಿದ್ದ ತಂದೆ, ಒಸಾಕಾಕ್ಕೆ ಮರಳಿದ ಮೇಲೆ ಓಕಾ ಎಂಬ ಮನೆತನದ ಹುಡುಗನಿಂದ ಪಡೆದ ವೈರಸ್ಸನ್ನು ದುರ್ಬಲಗೊಳಿಸಿ 1974ರಲ್ಲಿ ಲಸಿಕೆಯನ್ನು ಲೋಕದ ಮುಂದಿಟ್ಟರು. ಅದೇ ತಳಿಯನ್ನು ಹೆಚ್ಚು ಪ್ರಮಾಣದಲ್ಲಿ ಬಳಸಿದ ಸರ್ಪಸುತ್ತಿನ ಲಸಿಕೆ ಜಾಸ್ಟವ್ಯಾಕ್ಸ್ 2006ರಲ್ಲಿ ಅಮೆರಿಕದಲ್ಲಿ ಬಂತು. ಜೀವಂತ ವೈರಸ್ಸಿನದಾದ್ದರಿಂದ ನಿರೋಧಕ ಶಕ್ತಿ ಕುಂದಿದವರಿಗೆ ಅದನ್ನು ಕೊಡುವಂತಿರಲಿಲ್ಲ, ವಯಸ್ಸಾದಷ್ಟೂ ಅದರ ಬಲ ಕಡಿಮೆ.

ಈಗಿರುವ ಶಿಂಗ್ರಿಕ್ಸ್ ಬೇರೆ ಜಾತಿಯದು. ಅದರಲ್ಲಿ ವೈರಸ್ಸೇ ಇಲ್ಲ, ವೈರಸ್ಸಿನ ಹೊರಮೈಯ ಒಂದು ಪ್ರೋಟೀನು ಮಾತ್ರ ಇದೆ. ಜೊತೆಗೆ ನಿರೋಧಕ ಶಕ್ತಿಯನ್ನು ಬಡಿದೆಬ್ಬಿಸಲು ಒಂದು ಸಹಾಯಕ ದ್ರವ್ಯ. ಅದರ ಒಂದು ಅಂಶ ಚಿಲಿ ದೇಶದ ಸೋಪುಮರದ ತೊಗಟೆಯಿಂದ ಬರುತ್ತದೆ. ನಾವು ತಲೆಗೆ ಹಾಕುವ ಅಂಟುವಾಳ, ಸೀಗೆಕಾಯಿ ನೊರೆ ಬರಿಸುವುದು ಯಾವ ಬಗೆಯ ವಸ್ತುವಿನಿಂದಲೋ, ಅದೂ ಆ ಕುಲದ್ದೇ. 50 ದಾಟಿದ ಹದಿನೈದು ಸಾವಿರಕ್ಕೂ ಹೆಚ್ಚು ಜನರನ್ನು ಎರಡು ಪಾಲು ಮಾಡಿ ನಡೆಸಿದ, 2015ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ ಲಸಿಕೆ ಪಡೆದವರಲ್ಲಿ ಸರ್ಪಸುತ್ತಾದದ್ದು 6 ಜನರಿಗೆ, ಬರೀ ನೀರುಸೂಜಿ ಪಡೆದವರಲ್ಲಿ 210 ಜನರಿಗೆ. 70 ದಾಟಿದವರಲ್ಲೂ ರಕ್ಷಣೆ ಶೇಕಡಾ 90ರ ಆಸುಪಾಸು. ಎರಡರಿಂದ ಆರು ತಿಂಗಳ ಅಂತರದಲ್ಲಿ ಎರಡು ಡೋಸು. ತೋಳು ನೋಯುತ್ತದೆ, ಒಂದೆರಡು ದಿನ ಜ್ವರ, ಮೈಕೈ ನೋವು ಬರಬಹುದು. ಒಮ್ಮೆ ಸರ್ಪಸುತ್ತಾದವರೂ ವಾಸಿಯಾದ ಮೇಲೆ ಹಾಕಿಸಿಕೊಳ್ಳಬಹುದು, ಇನ್ನೊಮ್ಮೆ ಬರದಂತೆ. ಈಗಾಗಲೇ ಕೂತಿರುವ ನೋವನ್ನು ಅದು ಇಳಿಸುವುದಿಲ್ಲ.

ಭಾರತದಲ್ಲಿ ಇದು 2023ರಿಂದ ಸಿಗುತ್ತಿದೆ, 50 ದಾಟಿದವರಿಗೆ. ಎರಡು ಡೋಸಿಗೆ ಇಪ್ಪತ್ತು ಸಾವಿರ ರೂಪಾಯಿಯ ಆಸುಪಾಸು. ಸರ್ಕಾರದ ಲಸಿಕಾ ಪಟ್ಟಿಯಲ್ಲಿ ಇಲ್ಲ. ಬ್ರಿಟನ್ನಿನಲ್ಲಿ 2013ರಿಂದಲೇ ನಿಗದಿತ ವಯಸ್ಸಿನ ಹಿರಿಯರಿಗೆ ಸರ್ಪಸುತ್ತಿನ ಲಸಿಕೆಯನ್ನು ಸರ್ಕಾರವೇ ಪುಕ್ಕಟೆ ಹಾಕುತ್ತಿದೆ. ವೇಲ್ಸ್‌ನಲ್ಲಿ 1933ರ ಸೆಪ್ಟೆಂಬರ್ 2 ಮತ್ತು ಆನಂತರ ಹುಟ್ಟಿದವರು ಅದಕ್ಕೆ ಅರ್ಹರಾದರು, ಅದಕ್ಕೆ ಮುಂಚೆ ಹುಟ್ಟಿದವರು ಆಗಲಿಲ್ಲ. ಒಂದೆರಡು ವಾರದ ಅಂತರದಲ್ಲಿ ಹುಟ್ಟಿದ ಈ ಎರಡು ಗುಂಪುಗಳನ್ನು ಹೋಲಿಸಿದಾಗ, ಲಸಿಕೆ ಪಡೆದವರಲ್ಲಿ ಏಳು ವರ್ಷಗಳಲ್ಲಿ ಮರೆವಿನ ಕಾಯಿಲೆ ಐದರಲ್ಲಿ ಒಂದು ಪಾಲು ಕಡಿಮೆಯಾಗಿದ್ದದ್ದು 2025ರಲ್ಲಿ ಪ್ರಕಟವಾಯಿತು. ಅದು ಹಳೆಯ ಲಸಿಕೆಯ ಲೆಕ್ಕ. ನಮ್ಮಲ್ಲಿ ಎಲ್ಲರಿಗೂ ನಾಳೆಯೇ ಕೊಡಿ ಎಂದರೆ ಆಗುವ ಮಾತಲ್ಲ. ಸಕ್ಕರೆ ಕಾಯಿಲೆಯ ಹಿರಿಯರು, ಕಿಡ್ನಿ ಕಸಿ ಮಾಡಿಸಿಕೊಂಡವರು, ಕ್ಯಾನ್ಸರ್ ಚಿಕಿತ್ಸೆಯಲ್ಲಿರುವವರು, ಇಷ್ಟು ಜನರಿಗಾದರೂ ಜಿಲ್ಲಾಸ್ಪತ್ರೆಗಳಲ್ಲಿ ಕಡಿಮೆ ಬೆಲೆಗೆ ಸಿಗುವಂತೆ ಮಾಡಬೇಕು. ತಿಂಗಳಿಗೆ ಸಾವಿರ ಎರಡು ಸಾವಿರದ ಮಾತ್ರೆ, ಪಟ್ಟಿ, ಓಡಾಟ ಎಂದು ಎಂಟು ತಿಂಗಳಲ್ಲಿ ನಮ್ಮ ಮನೆಯಿಂದ ಹೋದ ದುಡ್ಡು ಆ ಎರಡು ಡೋಸಿನ ಬೆಲೆಯನ್ನು ದಾಟಿತ್ತು. ಅವ್ವ ತಿಂದ ನೋವಿಗೆ ಬೆಲೆ ಕಟ್ಟಲು ನನಗೆ ಬರುವುದಿಲ್ಲ.

ನನಗೀಗ 53. ಒಂಬತ್ತನೆಯ ವಯಸ್ಸಿನಲ್ಲಿ ನನಗೂ ಅಮ್ಮ ಆಗಿತ್ತು. ಮೊದಲ ಡೋಸು ಹಾಕಿಸಿಕೊಂಡು ಊರಿಗೆ ಹೋದಾಗ ತೋಳು ಎತ್ತಲಾರದಷ್ಟು ನೋಯುತ್ತಿತ್ತು. ಗೌರಿಹಬ್ಬದ ಹಿಂದಿನ ದಿನ. ಪ್ರೀಗ್ಯಾಬಲಿನ್ ಅಷ್ಟು ಹೊತ್ತಿಗೆ ಮತ್ತೆ ರಾತ್ರಿಯ ಒಂದು ಮಾತ್ರೆಗೆ ಇಳಿದಿತ್ತು. ಮಾರನೆಯ ಬೆಳಿಗ್ಗೆ ಅವ್ವ ಪೆಟ್ಟಿಗೆಯಿಂದ ಹಸಿರು ರವಿಕೆ ತೆಗೆದು, ಎಡತೋಳನ್ನು ನಿಧಾನ ತೂರಿಸಿ, ಹುಕ್ಕು ಹಾಕು ಬಾ ಎಂದು ಕರೆದಳು. ಮೇಲಿನ ಮೂರು ಹಾಕಿದೆ. ಕೆಳಗಿನ ಎರಡಕ್ಕೆ ಕೈ ಹೋದಾಗ "ಅವು ಇರ್ಲಿ ಮಗ" ಅಂದಳು. ಸೆರಗನ್ನು ಅದರ ಮೇಲೆ ಬಿಗಿಯಾಗಿ ಎಳೆದು ಸೊಂಟಕ್ಕೆ ಸಿಕ್ಕಿಸಿ, ಬಾಗಿನದ ಮೊರ ಎತ್ತಿಕೊಂಡು ಎದುರುಮನೆಗೆ ಹೊರಟಳು.